ಟೊಳ್ಳು ಸದ್ದು

ಮೂರು ದಿನದಿಂದ ನೋಡ್ತಿದ್ದೀನಿ, ಪಾಲಾಕ್ಷ,
ಚಾ ಗ್ಲಾಸು ಹಿಡಿದರೆ ನಿನ್ನ ತಲೆ ಬಲಕ್ಕೆ ವಾಲುತ್ತೆ.
ಎಡಗಡೆ ಯಾರೋ ಮಲಗಿದ್ದಾರೆ,
ಎಬ್ಬಿಸಬಾರದು ಅನ್ನೋ ಹಾಗೆ.

ಕೂತ್ಕೊ. ಉಳಿ ಕೆಳಗಿಡು.
ಈ ಗೋಡೆ ಎಲ್ಲಿಗೂ ಓಡಲ್ಲ,
ಗುತ್ತಿಗೆದಾರ ಬರೋದು ಹನ್ನೊಂದಕ್ಕೆ.
ಬಾಯಿ ತೆಗಿ.
ನಾಚಿಕೆ ಯಾಕೆ, ಕಲ್ಲಿನ ಸಂದಿ ನೋಡೋ ಕಣ್ಣೇ ಇದು.

ಮೂವತ್ತೊಂದು ವರ್ಷ ಈ ದುರ್ಗದ ಗೋಡೆ ತಡವಿದ್ದೀನಿ.
ಕಲ್ಲು ಒಂದೇ ದಿನಕ್ಕೆ ಕೆಡಲ್ಲ.
ಮೊದಲು ಬೆಳ್ಳಗಾಗುತ್ತೆ,
ಒಂದು ಕಡೆ ಮಾತ್ರ, ಹೊಳಪಿಲ್ಲದ ಬಿಳುಪು,
ಸೀಮೆಸುಣ್ಣ ಉಜ್ಜಿದ ಹಾಗೆ.
ನೋಡಿದವರು ಸ್ವಚ್ಛ ಆಯ್ತು ಅಂತಾರೆ.
ಹಲ್ಲಿಗೂ ಮೊದಲು ಆಗೋದು ಅಷ್ಟೇ.
ನಿನ್ನ ಮುಂದಿನೆರಡರ ಬುಡದಲ್ಲಿ ಇದೆ,
ತಿಕ್ಕಿ ಕಾಪಾಡಿದರೆ ಇನ್ನೂ ಮಾತು ಕೇಳೋ ವಯಸ್ಸು ಅದಕ್ಕೆ.
ನಾನು ನೋಡ್ತಿರೋದು ಹಿಂದಿನದನ್ನ:
ದವಡೆ ಹಲ್ಲಿನ ಗೆರೆಗುಂಟ ಕಂದು,
ಮಳೆನೀರು ಇಳಿದ ದಾರಿ.

ಕೋಟೆ ಕಿಂಡಿಯ ಕತೆ ಹೇಳಲ್ಲ,
ಅದಕ್ಕೆ ಗೈಡುಗಳಿದ್ದಾರೆ.
ನನ್ನ ಬಾಯಿ ಕತೆ ಕೇಳು.
ಸಂತೆಹೊಂಡದ ಹತ್ರ ಐಸು ಹಾಕಿದ ಕಬ್ಬಿನ ಹಾಲು.
ಜುಮ್ ಅಂತು. ಹೋಯ್ತು.
ಆಮೇಲೆ ಬೆಲ್ಲಕ್ಕೆ ಜುಮ್ ಅಂತು,
ಆಮೇಲೆ ಬಿಸಿಗೆ. ಬಿಸಿಯ ನೋವು ಬಂದರೆ ಹೋಗ್ತಾನೇ ಇರಲಿಲ್ಲ,
ಕೆಲಸವಿಲ್ಲದ ನೆಂಟನ ಹಾಗೆ ಜಗಲಿ ಮೇಲೇ ಕೂರೋದು.
ಶೇಂಗಾ ಚೂರು ದಿನಾ ಅದೇ ಜಾಗದಲ್ಲಿ ಸಿಕ್ಕೋದು.
ನಾಲಿಗೆಗೆ ಗೊತ್ತಿತ್ತು,
ಹೋಗಿ ಹೋಗಿ ಆ ಅಂಚು ಮುಟ್ಟಿ ಬರೋದು,
ಮಾತಾಡ್ತಿದ್ದದ್ದು ಮಾತ್ರ ಬೇರೇನೋ.
ದೇವೀರಿ ರಾತ್ರಿ ಗೋಡೆ ಕಡೆ ತಿರುಗಿ ಮಲಗ್ತಿದ್ಲು.
ಮುನಿಸು ಅಂದ್ಕೊಂಡೆ.
ಬಾಯಿ ವಾಸನೆ ಅಂತ ಹೇಳೋಕೆ
ಅವಳಿಗೆ ಎಂಟು ತಿಂಗಳು ಬೇಕಾಯ್ತು.

ಲವಂಗ ಇಟ್ಟೆ. ಹೊಗೆಸೊಪ್ಪು ಇಟ್ಟೆ.
ಹೊಳಲ್ಕೆರೆ ಕಡೆಯವನೊಬ್ಬ ಗುಳ್ಳದ ಬೀಜ ಸುಟ್ಟು
ಕೊಳವೆಯಲ್ಲಿ ಹೊಗೆ ಹಿಡಿಸಿದ.
ತಟ್ಟೆ ನೀರಲ್ಲಿ ಬೆಳ್ಳಗೆ ಏನೋ ತೇಲ್ತು.
ನೋಡು ಹುಳ, ಅಂದ.
ಬೆರಳಲ್ಲಿ ಎತ್ತಿ ಹಿಸುಕಿದೆ. ಬೀಜದ ಮೊಳಕೆ.
ಆದರೂ ಐವತ್ತು ರೂಪಾಯಿ ಕೊಟ್ಟೆ,
ನೋವಿದ್ದವನಿಗೆ ಹುಳ ಬೇಕಾಗಿರುತ್ತೆ.

ಯುಗಾದಿ ಮಾರನೇ ದಿನ ನೋವು ನಿಂತುಬಿಡ್ತು.
ಪೂರಾ.
ತಣ್ಣೀರು ಮುಕ್ಕಳಿಸಿದೆ, ಏನಿಲ್ಲ.
ಮಿಕ್ಕ ಹೋಳಿಗೆ ತಿಂದೆ, ಎರಡೂ ಕಡೆಯಿಂದ.
ಇದನ್ನ ಚೆನ್ನಾಗಿ ಕೇಳಿಸ್ಕೊ,
ಎಲ್ಲ ಗುರುತಿಗಿಂತ ಕೆಟ್ಟ ಗುರುತು ಇದು.
ಮೂರನೇ ಸುತ್ತಿನ ಗೋಡೆ ನೆನಪಿದೆಯಾ?
ಜಿನುಗು ನಿಂತಿತು ಅಂತ ಇಂಜಿನಿಯರು ಫೋಟೊ ತೆಗೆದ.
ನಾನು ಸುತ್ತಿಗೆ ಹಿಡಿಯಿಂದ ತಟ್ಟಿದೆ.
ಟೊಳ್ಳು.
ನೀರು ಹೋಗಿರಲಿಲ್ಲ, ಒಳಗೇ ಬೇರೆ ದಾರಿ ಹಿಡಿದಿತ್ತು.

ಅಷ್ಟು ಗೊತ್ತಿದ್ದವನು ನಾನು,
ಗೋಡೆ ತಟ್ಟಿದವನು ದವಡೆ ತಟ್ಟಲಿಲ್ಲ.
ಎರಡು ತಿಂಗಳಿಗೆ ಕೆನ್ನೆ ಊದಿ ಕಣ್ಣು ಮುಚ್ಚಿತು.
ಜಿಲ್ಲಾಸ್ಪತ್ರೆಯಲ್ಲಿ ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ
ಸಣ್ಣ ಕನ್ನಡಿಯ ಹಿಡಿಯಿಂದ
ಒಂದೊಂದೇ ಹಲ್ಲು ತಟ್ಟುತ್ತಾ ಬಂದಳು.
ನಗು ಬಂತು ನಂಗೆ, ಆ ನೋವಲ್ಲೂ.
ನನ್ನ ಕಸುಬು ಮಾಡ್ತಿದ್ಲು ಅವಳು.

ಇಲ್ನೋಡು. ಇಲ್ಲಿ ಎರಡು ಇತ್ತು.
ಅವು ಹೋದ ಮೇಲೆ ಪಕ್ಕದ್ದು ವಾಲಿದೆ,
ಕೀಲುಕಲ್ಲು ಕಿತ್ತ ಸಾಲು ವಾಲೋ ಹಾಗೆ.
ಸಣ್ಣದಿದ್ದಾಗ ಕೊಳೆ ಕೆರೆದು ತುಂಬ್ತಾರೆ,
ನಾವು ಗಾರೆ ತುಂಬಲ್ವಾ, ಹಂಗೇ.
ಏಳು, ಇವತ್ತೇ ಹೋಗು,
ಅರ್ಧ ದಿನದ ಹಾಜರಿ ನಾನು ಬರೆಸ್ತೀನಿ.

ನಂಗೇನೂ ಆಗಿಲ್ಲ ಮಾವ, ಅಂತೀಯ.
ಅನ್ನುವಾಗಲೇ ನಿನ್ನ ನಾಲಿಗೆ
ಎಡಗಡೆ ಹೋಗಿ ಬಂತು.
ನೋಡಿದೆ ನಾನು.